ಹದಿನೈದು ಮಂದಿಯ ಆಯ್ಕೆ: ಫ್ಯಾಂಟಸಿ ಪ್ರೀಮಿಯರ್ ಲೀಗ್ ಕುರಿತು ಓದುಗರ ಪ್ರಶ್ನೆಗಳು

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಂದ್ಯಗಳನ್ನು ಆಧರಿಸಿದ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ ಆಟಗಾರರನ್ನು ಆರಿಸಿಕೊಳ್ಳುವ ಬಗೆ ಹೇಗೆಂದು ಕೇಳಿ ಹಲವು ಪತ್ರಗಳು ಬಂದಿವೆ. ನೀವು ಆರಿಸಿದ ಆಟಗಾರರು ನಿಜವಾದ ಪಂದ್ಯಗಳಲ್ಲಿ ಆಡಿದ್ದಕ್ಕೆ ತಕ್ಕಂತೆ ನಿಮಗೆ ಅಂಕ ಸಿಗುವ ಆನ್‌ಲೈನ್ ಆಟವಿದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ನಿಯಮಗಳ ಮಾತು ಬಂದಲ್ಲೆಲ್ಲ ಅವು 2025–26ರ ಋತುವಿನವು ಎಂದು ತಿಳಿಯಬೇಕು.

ಪ್ರಶ್ನೆ: ಕ್ರಿಕೆಟ್ ಫ್ಯಾಂಟಸಿ ಆಡಿ ಅಭ್ಯಾಸವಿದೆ, ಫುಟ್‌ಬಾಲ್ ಹೊಸದು. 100 ಮಿಲಿಯನ್ ಪೌಂಡ್‌ನಲ್ಲಿ 15 ಆಟಗಾರರನ್ನು ಕೊಳ್ಳಬೇಕೆನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?
— ಪದವಿ ವಿದ್ಯಾರ್ಥಿ, ಧಾರವಾಡ

ಕ್ರಿಕೆಟ್‌ನ ಅಭ್ಯಾಸವನ್ನು ಮೊದಲು ಬದಿಗಿಡಿ. ಅಲ್ಲಿ ಪಂದ್ಯಕ್ಕೊಂದು ಹೊಸ ತಂಡ ಕಟ್ಟುತ್ತೀರಿ. ಟಾಸ್ ಆದ ಮೇಲೆ ಆಡುವ ಹನ್ನೊಂದು ಮಂದಿಯ ಪಟ್ಟಿ ನೋಡಿಕೊಂಡು ತಿದ್ದುವುದಕ್ಕೂ ಅವಕಾಶವಿರುತ್ತದೆ. ಇಲ್ಲಿ ಆಗಸ್ಟ್‌ನಲ್ಲಿ ಕಟ್ಟಿದ ತಂಡವನ್ನೇ ಮೇ ತಿಂಗಳವರೆಗೆ, 38 ಗೇಮ್‌ವೀಕ್‌ಗಳ, ಅಂದರೆ ಪಂದ್ಯದ ಸುತ್ತುಗಳ, ಉದ್ದಕ್ಕೂ, ವಾರಕ್ಕೊಬ್ಬರನ್ನು ಬದಲಿಸುತ್ತ ನಡೆಸಿಕೊಂಡು ಹೋಗಬೇಕು. ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ ಬಾಗಿಲು ಮುಚ್ಚುತ್ತದೆ. ಅಂದು ಯಾರು ಕಣಕ್ಕಿಳಿಯುತ್ತಾರೆಂಬುದು ಆಗಿನ್ನೂ ಪ್ರಕಟವಾಗಿರುವುದಿಲ್ಲ. ಇಬ್ಬರು ಗೋಲ್‌ಕೀಪರ್‌ಗಳು, ಐವರು ಡಿಫೆಂಡರ್‌ಗಳು, ಐವರು ಮಿಡ್‌ಫೀಲ್ಡರ್‌ಗಳು, ಮೂವರು ಫಾರ್ವರ್ಡ್‌ಗಳು ಇರಬೇಕು. ಒಂದೇ ಕ್ಲಬ್‌ನಿಂದ ಮೂವರಿಗಿಂತ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುವಂತಿಲ್ಲ.

ಆದ್ದರಿಂದ ಯಾರು ಚೆನ್ನಾಗಿ ಆಡುತ್ತಾರೆ ಎಂದು ಕೇಳಿಕೊಳ್ಳುವ ಮೊದಲು, ಯಾರು ಆಡುತ್ತಾರೆ ಎಂದು ಕೇಳಿಕೊಳ್ಳಬೇಕು. 60 ನಿಮಿಷ ಆಡಿದವನಿಗೆ ಏನೂ ಮಾಡದಿದ್ದರೂ 2 ಅಂಕ, ಅದಕ್ಕಿಂತ ಕಡಿಮೆ ಆಡಿದವನಿಗೆ 1, ಬೆಂಚಿನಲ್ಲೇ ಕುಳಿತವನಿಗೆ ಸೊನ್ನೆ. ಎರಡು ಅಂಕ ಪುಡಿಗಾಸಿನಂತೆ ಕಾಣಬಹುದು; ಆದರೆ 38 ಪಂದ್ಯಗಳಲ್ಲೂ ತಪ್ಪದೆ ಆಡುವವನು ಮೈದಾನಕ್ಕೆ ಇಳಿದ ಕಾರಣಕ್ಕೇ 76 ಅಂಕ ತರುತ್ತಾನೆ. ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲೂ ಆಡುವ ದೊಡ್ಡ ಕ್ಲಬ್‌ಗಳು ವಾರದ ನಡುವೆ ಪಂದ್ಯ ಬಂದಾಗ ಆಟಗಾರರಿಗೆ ಸರದಿಯಲ್ಲಿ ವಿಶ್ರಾಂತಿ ಕೊಡುತ್ತವೆ. ಅಂಥ ಕಡೆ ಅರ್ಧ ಹೊತ್ತು ಆಡುವ ಹೆಸರಾಂತ ಆಟಗಾರನಿಗಿಂತ, ಸಣ್ಣ ಕ್ಲಬ್‌ನಲ್ಲಿ ತೊಂಬತ್ತು ನಿಮಿಷವೂ ಓಡುವ ಅಪರಿಚಿತನೇ ನಿಮಗೆ ಮೇಲು.

ನಾನು ಯಾವಾಗಲೂ ತಂಡವನ್ನು ಅಗ್ಗದ ಕಡೆಯಿಂದ ಕಟ್ಟುತ್ತ ಬರುತ್ತೇನೆ. 4.0 ಮಿಲಿಯನ್‌ಗೆ ಒಬ್ಬ ಗೋಲ್‌ಕೀಪರ್, ಅದೇ ಬೆಲೆಗೆ ಇಬ್ಬರು ಡಿಫೆಂಡರ್‌ಗಳು, 4.5ಕ್ಕೆ ಒಬ್ಬ ಮಿಡ್‌ಫೀಲ್ಡರ್ ಸಿಕ್ಕರೆ 16.5 ಮಿಲಿಯನ್‌ಗೆ ನಾಲ್ವರ ಬೆಂಚು ತಯಾರು. ಉಳಿದ 83.5 ಮಿಲಿಯನ್, ನಿಮಗೆ ಅಂಕ ತರುವ ಹನ್ನೊಂದು ಮಂದಿಗೆ. ಈ ಅಗ್ಗದವರಲ್ಲೂ ನಿಜವಾಗಿ ಆಡುವವರು ಇದ್ದೇ ಇರುತ್ತಾರೆ, ಹುಡುಕಬೇಕಷ್ಟೆ. 2025ರಲ್ಲಿ ಮೇಲ್ದರ್ಜೆಗೆ ಮರಳಿದ ಬರ್ನ್ಲಿಯ ಗೋಲ್‌ಕೀಪರ್ ಮಾರ್ಟಿನ್ ದುಬ್ರಾವ್ಕಾ ಋತುವಿನ ಆರಂಭದಲ್ಲಿ 4.0 ಮಿಲಿಯನ್‌ಗೆ ದೊರೆಯುತ್ತಿದ್ದರು. ಬರ್ನ್ಲಿ ಗೋಲು ಬಿಟ್ಟುಕೊಡುವ ತಂಡವೆಂಬುದು ನಿಜ. ಆದರೆ ಗೋಲ್‌ಕೀಪರ್ ತಡೆದ ಪ್ರತಿ ಮೂರು ಹೊಡೆತಗಳಿಗೆ ಒಂದು ಅಂಕ ಸಿಗುವುದರಿಂದ, ಹೆಚ್ಚು ದಾಳಿಗೆ ಸಿಲುಕುವ ತಂಡದ ಗೋಲ್‌ಕೀಪರ್‌ಗೆ ಕೆಲಸವೂ ಹೆಚ್ಚು.

ಪ್ರಶ್ನೆ: ಮೊದಲ ವಾರ ಮಿಂಚಿದ ಮ್ಯಾಂಚೆಸ್ಟರ್ ಸಿಟಿಯ ರೈಂಡರ್ಸ್ ಅವರನ್ನು ಎರಡನೇ ವಾರ ಕೊಂಡೆ. ಆಮೇಲೆ ಏನೂ ಬರಲಿಲ್ಲ. ಅವರನ್ನು ಬಿಟ್ಟು ಇನ್ನೊಬ್ಬರನ್ನು ಕೊಂಡರೆ ಅವರದೂ ಅದೇ ಕಥೆ. ನಾನು ಕೊಂಡ ಕೂಡಲೇ ಆಟಗಾರರು ಆಡುವುದನ್ನೇ ಮರೆಯುತ್ತಾರೆಯೆ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಈ ಪ್ರಶ್ನೆಯನ್ನು ಬೇರೆ ಬೇರೆ ಹೆಸರುಗಳೊಂದಿಗೆ ಐದಾರು ಮಂದಿ ಕೇಳಿದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2025ರ ಆಗಸ್ಟ್ 16ರಂದು ವುಲ್ವ್ಸ್ ತಂಡದ ಮೈದಾನದಲ್ಲಿ ಸಿಟಿ 4–0 ಗೋಲುಗಳಿಂದ ಗೆದ್ದಾಗ ಟಿಜಾನಿ ರೈಂಡರ್ಸ್ ಒಂದು ಗೋಲು ಹೊಡೆದರು, ಒಂದು ಅಸಿಸ್ಟ್ (ಇನ್ನೊಬ್ಬರ ಗೋಲಿಗೆ ದಾರಿಮಾಡಿದ ಪಾಸ್) ಕೊಟ್ಟರು. ಬೆಲೆ ಬರೇ 5.5 ಮಿಲಿಯನ್. ಜನ ಮುಗಿಬಿದ್ದು ಕೊಂಡರು. ಮರುವಾರ ಸಿಟಿ ತವರಿನಲ್ಲೇ ಟಾಟನ್‌ಹ್ಯಾಮ್‌ಗೆ 0–2ರಿಂದ ಸೋತಿತು. ಅದರ ಮರುವಾರ ಬ್ರೈಟನ್‌ನಲ್ಲಿ 1–2ರಿಂದ ಸೋತಿತು. ರೈಂಡರ್ಸ್ ಆಡುವುದನ್ನು ಮರೆಯಲಿಲ್ಲ. ಎದುರಾಳಿ ಬದಲಾದರು, ಅಷ್ಟೆ. ನೀವು ಕೊಂಡದ್ದು ವುಲ್ವ್ಸ್ ವಿರುದ್ಧ ಗಳಿಸಿದ ಅಂಕಗಳನ್ನು ನೋಡಿ, ಆದರೆ ಆ ಅಂಕಗಳು ನಿಮ್ಮ ಖಾತೆಗೆ ಬರುವ ಹೊತ್ತು ಕಳೆದುಹೋಗಿತ್ತು.

ಬ್ಯಾಂಕಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಳೆದ ವರ್ಷದ ಬಡ್ಡಿಯನ್ನು ಈ ವರ್ಷ ಠೇವಣಿ ಇಟ್ಟವನಿಗೆ ಯಾರೂ ಕೊಡುವುದಿಲ್ಲ. ಕೊಳ್ಳುವ ಮುನ್ನ ನೋಡಬೇಕಾದ್ದು ಮುಂದಿನ ಐದಾರು ಪಂದ್ಯಗಳ ಪಟ್ಟಿಯನ್ನು. ಅದರ ಜೊತೆಗೆ, ಗೋಲು ಎಷ್ಟು ಹೊಡೆದ ಎಂಬುದಕ್ಕಿಂತ ಎಂಥ ಅವಕಾಶಗಳು ಅವನ ಕಾಲಿಗೆ ಬಂದವು ಎಂಬುದನ್ನು ಗಮನಿಸಬೇಕು. ಇದನ್ನು ಅಳೆಯುವ ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು, ಎಂಬ ಲೆಕ್ಕ ಆಟದ ತಾಣದಲ್ಲೇ ಆಟಗಾರನ ಹೆಸರಿನ ಮುಂದೆ ಸಿಗುತ್ತದೆ. ಪೆನಾಲ್ಟಿ ಹೊಡೆತಕ್ಕೆ ಈ ಲೆಕ್ಕದಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚಿನ ಬೆಲೆ. ಮೂವತ್ತು ಗಜ ದೂರದಿಂದ ಬೀಸಿ ಹೊಡೆದದ್ದಕ್ಕೆ ನೂರರಲ್ಲಿ ಕೆಲವೇ ಪಾಲು. ದೂರದಿಂದ ಎರಡು ಗೋಲು ಹೊಡೆದು ಎಕ್ಸ್‌ಜಿ 0.2 ಮಾತ್ರ ಇರುವವನನ್ನು ಎಲ್ಲರೂ ಕೊಳ್ಳುತ್ತಾರೆ. ನಾನಾದರೆ ಗೋಲಿನ ಬಾಯಲ್ಲೇ ಮೂರು ಸಲ ಅವಕಾಶ ಕೈಚೆಲ್ಲಿ ಬೈಸಿಕೊಂಡವನ ಕಡೆ ನೋಡುತ್ತೇನೆ, ಏಕೆಂದರೆ ಅಂಥ ಜಾಗದಲ್ಲಿ ಮತ್ತೆ ಮತ್ತೆ ನಿಲ್ಲುವವನಿಗೆ ಇಂದಲ್ಲ ನಾಳೆ ಗೋಲು ಸಿಗುತ್ತದೆ.

ಇನ್ನೊಂದು ಮಾತು. ವಾರಕ್ಕೆ ಒಂದು ಟ್ರಾನ್ಸ್‌ಫರ್, ಅಂದರೆ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಕೊಳ್ಳುವುದು, ಉಚಿತ. ಅದಕ್ಕೂ ಮೀರಿದ ಪ್ರತಿಯೊಂದಕ್ಕೆ 4 ಅಂಕ ಕಡಿತ. 4 ಅಂಕ ಕೊಟ್ಟು ತಂದವನು, ನೀವು ಹೊರಹಾಕಿದವನಿಗಿಂತ 4 ಅಂಕ ಹೆಚ್ಚು ಗಳಿಸಿದಾಗಲೂ ನಿಮಗೆ ಸಿಕ್ಕಿದ್ದು ಲಾಭವಲ್ಲ, ಸಾಲ ತೀರಿತು ಅಷ್ಟೆ. ಬಳಸದ ಉಚಿತ ಟ್ರಾನ್ಸ್‌ಫರ್‌ಗಳನ್ನು ಐದರವರೆಗೆ ಕೂಡಿಟ್ಟುಕೊಳ್ಳಬಹುದು. ಒಂದು ವಾರ ಕೈಕಟ್ಟಿ ಕೂರುವುದು ನಿಮಗೆ ಕಷ್ಟವೆಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಆದರೂ ಒಮ್ಮೆ ಪ್ರಯತ್ನಿಸಿ.

ಪ್ರಶ್ನೆ: ಡಿಫೆಂಡರ್‌ಗೆ ಹೆಚ್ಚು ಹಣ ಹಾಕುವುದು ದಂಡವೆಂದು ಮೊಮ್ಮಗ ವಾದಿಸುತ್ತಾನೆ. ಗೋಲು ಹೊಡೆಯುವವರಿಗೇ ಅಂಕವಲ್ಲವೇ?
— ನಿವೃತ್ತ ಶಿಕ್ಷಕಿ, ಮೈಸೂರು

ಅಂಕಗಳ ಪಟ್ಟಿಯನ್ನು ಮೊಮ್ಮಗನ ಮುಂದೆ ಇಡಿ, ಮೇಡಂ. ಒಂದೇ ಗೋಲಿಗೆ ಫಾರ್ವರ್ಡ್‌ಗೆ 4 ಅಂಕ, ಮಿಡ್‌ಫೀಲ್ಡರ್‌ಗೆ 5, ಡಿಫೆಂಡರ್‌ಗೆ 6. ತಂಡ ಗೋಲು ಬಿಟ್ಟುಕೊಡದಿದ್ದರೆ, ಅಂದರೆ ಕ್ಲೀನ್ ಶೀಟ್ ಆದರೆ, ಡಿಫೆಂಡರ್‌ಗೂ ಗೋಲ್‌ಕೀಪರ್‌ಗೂ ತಲಾ 4, ಮಿಡ್‌ಫೀಲ್ಡರ್‌ಗೆ 1, ಫಾರ್ವರ್ಡ್‌ಗೆ ಏನೂ ಇಲ್ಲ. ಹಾಗಾಗಿ ತೊಂಬತ್ತು ನಿಮಿಷ ಆಡಿ ಒಂದು ಗೋಲು ಹೊಡೆದ ಫಾರ್ವರ್ಡ್ ತರುವುದು 6 ಅಂಕ. ಚೆಂಡನ್ನು ಆಚೆಗೆ ಒದೆಯುವುದರಲ್ಲೇ ಪಂದ್ಯ ಮುಗಿಸಿ ಕ್ಲೀನ್ ಶೀಟ್ ಪಡೆದ ಡಿಫೆಂಡರ್ ತರುವುದೂ 6 ಅಂಕ. ಮೊದಲನೆಯವನ ಬೆಲೆ 8 ಮಿಲಿಯನ್ ಇರಬಹುದು, ಎರಡನೆಯವನದು 5.

ಡಿಫೆಂಡರ್ ಎಂದು ಪಟ್ಟಿಯಾದವನು ಮೈದಾನದಲ್ಲಿ ಮುಂದೆ ಹೋಗಿ ಆಡುವುದಾದರೆ ಅದು ಈ ಆಟದ ಅತಿ ದೊಡ್ಡ ನಿಧಿ. 2019–20ರಲ್ಲಿ ಶೆಫೀಲ್ಡ್ ಯುನೈಟೆಡ್‌ನ ಜಾನ್ ಲುಂಡ್‌ಸ್ಟ್ರಮ್ ಅವರನ್ನು ಆಟದವರು ಡಿಫೆಂಡರ್ ಎಂದು ನಮೂದಿಸಿ 4.0 ಮಿಲಿಯನ್ ಬೆಲೆ ಕಟ್ಟಿದ್ದರು; ಅವರು ಆಡುತ್ತಿದ್ದುದು ಮಿಡ್‌ಫೀಲ್ಡ್‌ನಲ್ಲಿ. ಆ ನವೆಂಬರ್‌ನಲ್ಲಿ ಬರ್ನ್ಲಿ ವಿರುದ್ಧ 3–0ರಿಂದ ಗೆದ್ದ ಪಂದ್ಯದಲ್ಲಿ ಅವರು ಎರಡು ಗೋಲು ಹೊಡೆದರು. ಲೆಕ್ಕ ಹಾಕಿ ನೋಡಿ: ಆಡಿದ್ದಕ್ಕೆ 2, ಎರಡು ಗೋಲಿಗೆ 12, ಕ್ಲೀನ್ ಶೀಟ್‌ಗೆ 4, ಪಂದ್ಯದ ಶ್ರೇಷ್ಠ ಆಟಕ್ಕೆ ಬೋನಸ್ 3, ಒಟ್ಟು 21. ಬೆಂಚಿಗೆಂದು ಅಗ್ಗಕ್ಕೆ ಕೊಂಡವರು ಅವರನ್ನು ಹನ್ನೊಂದರಲ್ಲೇ ಕಾಯಂ ಮಾಡಿಕೊಂಡರು. ಅಂಥ ತಪ್ಪು ನಮೂದು ಪ್ರತಿವರ್ಷ ಸಿಗುವುದಿಲ್ಲ, ಆದರೂ ಜುಲೈನಲ್ಲಿ ಪಟ್ಟಿ ಬಂದ ಕೂಡಲೇ ನಾನು ಮೊದಲು ಹುಡುಕುವುದು ಅದನ್ನೇ.

2025–26ರಿಂದ ಇನ್ನೊಂದು ಅನುಕೂಲವೂ ಸೇರಿದೆ. ಡಿಫೆಂಡರ್ ಒಂದು ಪಂದ್ಯದಲ್ಲಿ ಎದುರಾಳಿಯ ದಾಳಿ ತಡೆಯುವ ಟ್ಯಾಕಲ್, ಬ್ಲಾಕ್, ಇಂಟರ್‌ಸೆಪ್ಷನ್, ಕ್ಲಿಯರೆನ್ಸ್ ಎಲ್ಲವೂ ಸೇರಿ ಹತ್ತನ್ನು ಮುಟ್ಟಿದರೆ, ತಂಡ ಸೋತಿದ್ದರೂ ಅವನಿಗೆ 2 ಅಂಕ. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗಳಿಗೆ ಚೆಂಡು ಮರಳಿ ಪಡೆದದ್ದನ್ನೂ ಸೇರಿಸಿ ಹನ್ನೆರಡು ಆಗಬೇಕು. ಬೋರ್ನ್‌ಮತ್‌ನ ಮಾರ್ಕೋಸ್ ಸೆನೆಸಿ ಅವರಂಥ 4.5 ಮಿಲಿಯನ್‌ನ ಸೆಂಟರ್ ಬ್ಯಾಕ್‌ಗೆ ಬೇಡಿಕೆ ಬಂದದ್ದು ಇದರಿಂದಲೇ. ಹಾಗೆಯೇ ಕಾರ್ನರ್ ಕಿಕ್‌ಗಳಿಗೆ ತಲೆಗೊಡಲು ಮುಂದೆ ಹೋಗುವ ಆರ್ಸೆನಲ್‌ನ ಗೇಬ್ರಿಯಲ್ ಮಗಲ್ಯಾಯಿಸ್ ಅವರಂಥವರಿಗೆ ಆ ಋತುವಿನ ಆರಂಭದಲ್ಲಿ 6.0 ಮಿಲಿಯನ್ ಕೊಟ್ಟದ್ದು ಖಂಡಿತ ದಂಡವಲ್ಲ. ಮೊಮ್ಮಗನ ಮಾತಿನಲ್ಲಿ ನಿಜವಿರುವುದು ಒಂದೇ ಕಡೆ: ಐವರು ಡಿಫೆಂಡರ್‌ಗಳಿಗೂ ದುಬಾರಿ ಬೆಲೆ ಕೊಡುವ ಅಗತ್ಯವಿಲ್ಲ, ಇಬ್ಬರು ಸಾಕು.

ಪ್ರಶ್ನೆ: ಸಲಾಹ್, ಹಾಲಂಡ್ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದೇ? ಕೈಯಲ್ಲಿ ಹಣ ಉಳಿಯುವುದೇ ಇಲ್ಲ.
— ಔಷಧ ಅಂಗಡಿ ಮಾಲೀಕ, ದಾವಣಗೆರೆ

ಲಿವರ್‌ಪೂಲ್‌ನ ಸಲಾಹ್ 14.5, ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್ 14.0 ಮಿಲಿಯನ್‌ಗೆ 2025–26ರ ಋತುವನ್ನು ಆರಂಭಿಸಿದರು, ಸೇರಿದರೆ 28.5. ಮೇಲೆ ಹೇಳಿದ ಅಗ್ಗದ ಬೆಂಚಿನ ಲೆಕ್ಕದಲ್ಲಿ ಉಳಿದ ಒಂಬತ್ತು ಮಂದಿಗೆ 55 ಮಿಲಿಯನ್, ಅಂದರೆ ತಲೆಗೆ ಆರಕ್ಕಿಂತ ಚೂರು ಹೆಚ್ಚು. ಆಗದ ಮಾತಲ್ಲ, ಆದರೆ ಒಬ್ಬ ಗಾಯಗೊಂಡರೂ ಇಡೀ ತಂಡ ಅಲ್ಲಾಡುತ್ತದೆ.

ಇಷ್ಟು ಬೆಲೆ ಏಕೆ ಬಂತೆಂದು ನೋಡಿ. 2024–25ರಲ್ಲಿ ಮೊಹಮ್ಮದ್ ಸಲಾಹ್ 29 ಗೋಲು, 18 ಅಸಿಸ್ಟ್‌ಗಳಿಂದ ಈ ಆಟದಲ್ಲಿ 344 ಅಂಕ ಗಳಿಸಿ ದಾಖಲೆ ಬರೆದರು. ಆಗ ಅವರ ಆರಂಭಿಕ ಬೆಲೆ 12.5. ಆ ದಾಖಲೆಯೇ ಮರುವರ್ಷ ಬೆಲೆಯನ್ನು 14.5ಕ್ಕೆ ಏರಿಸಿತು, ಆದರೆ ಆ ಋತುವಿನ ಮೊದಲ ತಿಂಗಳುಗಳಲ್ಲಿ ಬೆಲೆಗೆ ತಕ್ಕ ಅಂಕ ಬರಲಿಲ್ಲ, ಡಿಸೆಂಬರ್‌ನಲ್ಲಿ ಅವರು ದೇಶಗಳ ನಡುವಿನ ಆಫ್ರಿಕಾ ಕಪ್ ಟೂರ್ನಿಗೆ ಹೊರಟೂಹೋದರು. ಮಂಗಳೂರಿನ ಓದುಗರಿಗೆ ಒಂದು ವಾರದಲ್ಲಿ ಆದದ್ದು ಇಲ್ಲಿ ಇಡೀ ವರ್ಷದ ಪ್ರಮಾಣದಲ್ಲಿ ಆಯಿತು. ಎದುರುದಿಕ್ಕಿನ ಉದಾಹರಣೆ ಕೋಲ್ ಪಾಮರ್. 2023ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದಾಗ ಅವರ ಬೆಲೆ 5.0 ಮಿಲಿಯನ್. ಚೆಲ್ಸಿಯಲ್ಲಿ ಹನ್ನೊಂದರಲ್ಲಿ ಕಾಯಂ ಜಾಗ ಸಿಕ್ಕಿತು. ಮುಖ್ಯವಾಗಿ, ಪೆನಾಲ್ಟಿ ಹೊಡೆಯುವ ಹೊಣೆ ಸಿಕ್ಕಿತು. ಆ ಋತುವಿನ 22 ಗೋಲುಗಳಲ್ಲಿ 9 ಪೆನಾಲ್ಟಿಗಳು, 11 ಅಸಿಸ್ಟ್‌ಗಳು ಬೇರೆ. 244 ಅಂಕಗಳೊಂದಿಗೆ ಆ ವರ್ಷ ಅವರೇ ಎಲ್ಲರಿಗಿಂತ ಮೇಲೆ. ಹೊಸ ಕ್ಲಬ್‌ಗೆ ಬಂದ ಅಗ್ಗದ ಆಟಗಾರನ ಕಾಲಿಗೆ ಪೆನಾಲ್ಟಿ ಒಪ್ಪಿಸಿದರೆಂದು ತಿಳಿದ ದಿನವೇ ನೀವು ಎಚ್ಚೆತ್ತುಕೊಳ್ಳಬೇಕು.

ಹಾಗಿದ್ದರೆ ದುಬಾರಿ ಆಟಗಾರ ಬೇಡವೇ ಎಂದರೆ, ಒಬ್ಬರಾದರೂ ಬೇಕು, ಏಕೆಂದರೆ ವಾರವಾರ ನೀವು ಆರಿಸುವ ಕ್ಯಾಪ್ಟನ್‌ನ ಅಂಕ ಇಮ್ಮಡಿಯಾಗುತ್ತದೆ. 2021ರ ಅಕ್ಟೋಬರ್ 24ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಲಿವರ್‌ಪೂಲ್ 5–0ರಿಂದ ಗೆದ್ದಾಗ ಸಲಾಹ್ ಮೂರು ಗೋಲು ಹೊಡೆದು, ಒಂದು ಅಸಿಸ್ಟ್ ಕೊಟ್ಟು 24 ಅಂಕ ತಂದರು. ಅವರನ್ನು ಕ್ಯಾಪ್ಟನ್ ಮಾಡಿದವರಿಗೆ 48. ನಿಮ್ಮ 14 ಮಿಲಿಯನ್‌ನ ಆಟಗಾರನನ್ನು ಹೆಚ್ಚಿನ ವಾರಗಳಲ್ಲಿ ಕ್ಯಾಪ್ಟನ್ ಮಾಡುವ ಧೈರ್ಯವಿದ್ದರೆ ಅವನ ಬೆಲೆ ಹೊಂದುತ್ತದೆ. ಇಬ್ಬರು ಅಂಥವರಿದ್ದರೆ ಪ್ರತಿವಾರ ಒಬ್ಬನ ಇಮ್ಮಡಿ ವ್ಯರ್ಥ.

ಪ್ರಶ್ನೆ: ನಾನು ಆರಿಸಿದ ಆಟಗಾರ 89ನೇ ನಿಮಿಷಕ್ಕೆ ಒಳಗೆ ಬಂದು 1 ಅಂಕ ಪಡೆದ. ಬೆಂಚಿನಲ್ಲಿದ್ದ ನನ್ನ ಡಿಫೆಂಡರ್‌ಗೆ 12 ಅಂಕವಿತ್ತು, ಒಂದೂ ಸಿಗಲಿಲ್ಲ. ಇದು ಅನ್ಯಾಯವಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಅನ್ಯಾಯವೇ, ಆದರೆ ನಿಯಮಬದ್ಧವಾದ ಅನ್ಯಾಯ. ಹನ್ನೊಂದರಲ್ಲಿ ಒಬ್ಬ ಒಂದು ನಿಮಿಷವೂ ಆಡದಿದ್ದರೆ ಮಾತ್ರ ಬೆಂಚಿನವನು ನೀವು ಇಟ್ಟ ಕ್ರಮದಲ್ಲಿ ಒಳಗೆ ಬರುತ್ತಾನೆ. ಆಗಲೂ ತಂಡದಲ್ಲಿ ಕನಿಷ್ಠ ಮೂವರು ಡಿಫೆಂಡರ್‌ಗಳು, ಒಬ್ಬ ಫಾರ್ವರ್ಡ್ ಉಳಿಯುವಂತಿರಬೇಕು. ಗಾಯದಿಂದ ಚೇತರಿಸಿಕೊಳ್ಳುತ್ತಿರುವವನ ಹೆಸರಿನ ಮುಂದೆ ಶೇ 75 ಅಥವಾ ಶೇ 50 ಎಂದು ಹಳದಿ ಗುರುತು ಇರುತ್ತದೆ. ಇಂಥವನೇ ಕೊನೆಯ ನಿಮಿಷಕ್ಕೆ ಬಂದು ನಿಮ್ಮ ಬೆಂಚಿಗೆ ಬೀಗ ಹಾಕುವವನು. ಅನುಮಾನವಿದ್ದವನನ್ನು ನೀವೇ ಬೆಂಚಿಗೆ ಇಳಿಸಿ. ಪೂರ್ತಿ ಆಡದವನಿಗಿಂತ ಒಂದೇ ನಿಮಿಷ ಆಡಿದವನು ಹೆಚ್ಚು ನಷ್ಟ ಮಾಡುವುದು ಬಹುಶಃ ಈ ಆಟದಲ್ಲಿ ಮಾತ್ರ.

ಪ್ರಶ್ನೆ: ಆಟಗಾರರ ಬೆಲೆ ಏರುವ ಮುನ್ನ ಕೊಂಡು, ಏರಿದ ಮೇಲೆ ಮಾರಿದರೆ ಹಣ ಬೆಳೆಸಬಹುದಲ್ಲವೇ?
— ಷೇರು ಹೂಡಿಕೆದಾರ, ಹುಬ್ಬಳ್ಳಿ

ಮಾರುವಾಗ ಲಾಭದ ಅರ್ಧ ಮಾತ್ರ ನಿಮ್ಮದು. 5.0ಕ್ಕೆ ಕೊಂಡವನು 5.3 ಆದರೆ ನಿಮಗೆ ಸಿಗುವುದು 5.1. ಎರಡು ಬಾರಿ ಬೆಲೆ ಏರುವುದಕ್ಕಾಗಿ ಬೇಡದ ಆಟಗಾರನನ್ನು ಕೊಳ್ಳುವುದು ನಿಮ್ಮ ಕಸುಬಿಗೂ ಶೋಭೆಯಲ್ಲ.

ಪ್ರಶ್ನೆ: ಚಿಪ್‌ಗಳನ್ನು ಯಾವಾಗ ಬಳಸಬೇಕು? ನಾನು ಎಲ್ಲವನ್ನೂ ಕಾದಿಟ್ಟು ಕೊನೆಗೆ ಬಳಸುವುದನ್ನೇ ಮರೆಯುತ್ತೇನೆ.
— ಸರ್ಕಾರಿ ನೌಕರ, ಶಿವಮೊಗ್ಗ

ಚಿಪ್ ಎಂದರೆ ಋತುವಿನಲ್ಲಿ ಕೆಲವೇ ಸಲ ಬಳಸಬಹುದಾದ ವಿಶೇಷ ಅವಕಾಶ. ವೈಲ್ಡ್‌ಕಾರ್ಡ್ ಇಡೀ ತಂಡವನ್ನು ಉಚಿತವಾಗಿ ಬದಲಿಸುತ್ತದೆ. ಫ್ರೀ ಹಿಟ್ ಒಂದೇ ವಾರದ ಮಟ್ಟಿಗೆ ಹಾಗೆ ಮಾಡುತ್ತದೆ. ಬೆಂಚ್ ಬೂಸ್ಟ್ ಬೆಂಚಿನ ನಾಲ್ವರ ಅಂಕಗಳನ್ನೂ ಕೂಡಿಸುತ್ತದೆ. ಟ್ರಿಪಲ್ ಕ್ಯಾಪ್ಟನ್ ನಾಯಕನ ಅಂಕವನ್ನು ಮುಮ್ಮಡಿಯಾಗಿಸುತ್ತದೆ. 2025–26ರಲ್ಲಿ ಪ್ರತಿಯೊಂದೂ ಎರಡೆರಡು ಇದ್ದು, ಮೊದಲ ಕಂತನ್ನು 19ನೇ ಗೇಮ್‌ವೀಕ್‌ನ ಗಡುವಿನೊಳಗೆ ಬಳಸದಿದ್ದರೆ ಅದು ರದ್ದಾಗುತ್ತದೆ. ಋತುವಿನ ಮೊದಲರ್ಧದಲ್ಲಿ ವೈಲ್ಡ್‌ಕಾರ್ಡನ್ನು ಅಕ್ಟೋಬರ್ ಸುಮಾರಿಗೆ ಬಳಸಿದರೆ ನಷ್ಟವಿಲ್ಲ, ಅಷ್ಟು ಹೊತ್ತಿಗೆ ಯಾವ ತರಬೇತುದಾರ ಯಾರನ್ನು ಆಡಿಸುತ್ತಾನೆಂಬುದು ತಿಳಿದಿರುತ್ತದೆ. ದ್ವಿತೀಯಾರ್ಧದಲ್ಲಿ ಕಪ್ ಟೂರ್ನಿಗಳಿಂದ ಮುಂದೂಡಿದ ಪಂದ್ಯಗಳು ಸೇರಿ ಕೆಲವು ಕ್ಲಬ್‌ಗಳಿಗೆ ಒಂದೇ ವಾರ ಎರಡು ಪಂದ್ಯ ಬರುತ್ತವೆ. ಬೆಂಚ್ ಬೂಸ್ಟ್ ಮತ್ತು ಟ್ರಿಪಲ್ ಕ್ಯಾಪ್ಟನ್ ಆ ವಾರಕ್ಕೆ ಇರಲಿ. ಮರೆವಿಗೆ ಮದ್ದು ನನ್ನಲ್ಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಪ್ರಶ್ನೆ: ಗಡುವು ಭಾರತದಲ್ಲಿ ಎಷ್ಟು ಗಂಟೆಗೆ? ಒಮ್ಮೆ ಮೂರೂವರೆ, ಒಮ್ಮೆ ನಾಲ್ಕೂವರೆ ಎಂದು ತೋರಿಸುತ್ತದೆ.
— ಹೋಟೆಲ್ ಉದ್ಯಮಿ, ಉಡುಪಿ

ಎರಡೂ ಸರಿ. ಶನಿವಾರದ ಮೊದಲ ಪಂದ್ಯ ಇಂಗ್ಲೆಂಡಿನಲ್ಲಿ ಮಧ್ಯಾಹ್ನ 12.30ಕ್ಕೆ, ಗಡುವು ಬೆಳಿಗ್ಗೆ 11ಕ್ಕೆ. ಅವರ ಬೇಸಿಗೆ ವೇಳೆಯಲ್ಲಿ ಅದು ನಮಗೆ ಮಧ್ಯಾಹ್ನ 3.30, ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಟ್ಟ ಮೇಲೆ 4.30. ಅಪಾಯವಿರುವುದು ಮಾರ್ಚ್‌ನ ಕೊನೆಯ ಭಾನುವಾರದ ನಂತರ, ಗಡುವು ಮತ್ತೆ 3.30ಕ್ಕೆ ಮರಳಿದಾಗ. ಐದು ತಿಂಗಳ ಅಭ್ಯಾಸದಂತೆ ಒಂದು ಏಪ್ರಿಲ್‌ನ ಶನಿವಾರ ನಾನು ಊಟ ಮುಗಿಸಿ, ಸಣ್ಣ ನಿದ್ದೆ ತೆಗೆದು, ನಾಲ್ಕು ಗಂಟೆಗೆ ಫೋನ್ ಹಿಡಿದು ಕುಳಿತೆ. ಗಾಯಗೊಂಡವನೇ ಕ್ಯಾಪ್ಟನ್ ಆಗಿ ಉಳಿದಿದ್ದ. ಕ್ಯಾಪ್ಟನ್ ಆಡದಿದ್ದರೆ ಅವನ ಜಾಗ ತುಂಬುವ ವೈಸ್ ಕ್ಯಾಪ್ಟನ್ ಇದ್ದುದರಿಂದ ಮಾನ ಉಳಿಯಿತು. ಶುಕ್ರವಾರ ರಾತ್ರಿ 8ಕ್ಕೆ ಪಂದ್ಯವಿದ್ದರೆ ಗಡುವು ನಮಗೆ ಬೇಸಿಗೆ ವೇಳೆಯಲ್ಲಿ ರಾತ್ರಿ 11, ಚಳಿಗಾಲದಲ್ಲಿ ಮಧ್ಯರಾತ್ರಿ 12. ತರಬೇತುದಾರರು ಪತ್ರಕರ್ತರೊಂದಿಗೆ ಮಾತನಾಡಿ ಗಾಯಾಳುಗಳ ಸ್ಥಿತಿ ತಿಳಿಸುವುದು ಹೆಚ್ಚಾಗಿ ಗುರುವಾರ, ಶುಕ್ರವಾರಗಳಲ್ಲಿ. ಅದಕ್ಕೂ ಮುಂಚೆ ಟ್ರಾನ್ಸ್‌ಫರ್ ಮಾಡುವ ಅವಸರ ಬೇಡ.

ಪ್ರಶ್ನೆ: ಕಚೇರಿಯಲ್ಲಿ ತಲಾ ₹500 ಹಾಕಿ ಗೆದ್ದವರಿಗೆ ಕೊಡೋಣವೆನ್ನುತ್ತಾರೆ. ಸೇರಬಹುದೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡುವುದಕ್ಕೆ ಶುಲ್ಕವಿಲ್ಲ. ಹಣ ಕಟ್ಟಿಸಿಕೊಂಡು ಆಡಿಸುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಸಹೋದ್ಯೋಗಿಗಳ ಹುಂಡಿಯ ವಿಷಯದಲ್ಲಿ ಕಾನೂನಿನ ಮಾತನ್ನು ವಕೀಲರೇ ಹೇಳಬೇಕು; ನನ್ನ ಸಲಹೆಯೆಂದರೆ ಹಣದ ಗೊಡವೆಯೇ ಬೇಡ. ಕೊನೆಯ ಸ್ಥಾನದವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಲಿ. ಏಪ್ರಿಲ್‌ನಲ್ಲಿ ತಂಡವನ್ನು ಮರೆತುಬಿಡುವವರೂ ಆ ಭಯಕ್ಕೆ ಕೊನೆಯವರೆಗೆ ಆಡುತ್ತಾರೆ.

ಪ್ರಶ್ನೆ: ನಾನು ಹುಟ್ಟಾ ಆರ್ಸೆನಲ್ ಅಭಿಮಾನಿ. ನಮ್ಮ ಬದ್ಧ ಎದುರಾಳಿ ಟಾಟನ್‌ಹ್ಯಾಮ್ ಆಟಗಾರರನ್ನು ತಂಡಕ್ಕೆ ಸೇರಿಸಲು ಮನಸ್ಸು ಒಪ್ಪುವುದಿಲ್ಲ. ಇದರಿಂದ ಎಷ್ಟು ನಷ್ಟ?
— ಹವ್ಯಾಸಿ ಫುಟ್‌ಬಾಲ್ ಆಟಗಾರ, ಗೌತಮಪುರ, ಬೆಂಗಳೂರು

ಹೆಚ್ಚೇನೂ ಇಲ್ಲ. ಇಪ್ಪತ್ತು ಕ್ಲಬ್‌ಗಳಲ್ಲಿ ಒಂದನ್ನು ಬಿಟ್ಟರೆ ಇನ್ನೂ ಹತ್ತೊಂಬತ್ತು ಉಳಿಯುತ್ತವೆ. ನಿಮ್ಮ ತೊಂದರೆ ಬೇರೆ ಕಡೆ ಇರಬಹುದು: ಅಭಿಮಾನಕ್ಕೆಂದು ಮೂವರು ಆರ್ಸೆನಲ್ ಆಟಗಾರರನ್ನು ವರ್ಷವಿಡೀ ಇಟ್ಟುಕೊಂಡು, ಅವರಲ್ಲೊಬ್ಬ ಬೆಂಚಿಗೆ ಸರಿದರೂ ಕೈಬಿಡದೆ ಇರುವುದು. ಆ ಮೂರು ಜಾಗಗಳಲ್ಲಿ ಎರಡನ್ನಾದರೂ ರಕ್ಷಣೆಯವರಿಗೆ ಕೊಡಿ, ಅಲ್ಲಿ ನಿಮ್ಮ ಅಭಿಮಾನವೂ ಅಂಕವೂ ಒಂದೇ ದಿಕ್ಕಿಗೆ ಸಾಗುತ್ತವೆ.

ನಾನು ಲಿವರ್‌ಪೂಲ್ ಪಕ್ಷದವನು. ಆದರೂ ಒಂದು ಋತುವಿನಲ್ಲಿ ಎವರ್ಟನ್‌ನ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ನನ್ನ ತಂಡದಲ್ಲಿದ್ದರು. ಲಿವರ್‌ಪೂಲ್, ಎವರ್ಟನ್ ಎದುರಾಗುವ ಮರ್ಸಿಸೈಡ್ ಡರ್ಬಿಯ ವಾರ ಅವರನ್ನು ಬೆಂಚಿಗೆ ಕಳುಹಿಸಿ, ಎಷ್ಟು ಗೋಲು ಬೇಕಾದರೂ ಆಗಲಿ ಎಂದು ನೆಮ್ಮದಿಯಿಂದ ಪಂದ್ಯ ನೋಡಿದೆ. ಅವರ ಹೆಸರಿನ ಮುಂದೆ ಎಷ್ಟು ಅಂಕ ಬಂದಿತ್ತೆಂದು ಆ ವಾರ ತೆರೆದು ನೋಡಲಿಲ್ಲ.